ಶಾಬ್ಲಿಯ ಬಿಳಿ ವೈನ್ ಮತ್ತು ಕರಾವಳಿಯ ಹೆಸರುಗಳ ಲೆಕ್ಕ

ವರ್ತಕನ ಆಸ್ತಿಪಟ್ಟಿಯಲ್ಲಿ ಕಟ್ಟಡ, ಯಂತ್ರ, ದಾಸ್ತಾನು, ಬರತಕ್ಕ ಬಾಕಿ ಎಲ್ಲವೂ ಇರುತ್ತವೆ. ಊರಿನ ಹೆಸರು ಮಾತ್ರ ಇರುವುದಿಲ್ಲ. ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಸ್ಥೆಯೊಂದು ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅನ್ನಾಗಲಿ ಬ್ರಾಂಡನ್ನಾಗಲಿ ಆಸ್ತಿಯೆಂದು ತೋರಿಸುವಂತಿಲ್ಲ. ಪುಸ್ತಕದಲ್ಲಿ ಕಾಣದ ಆಸ್ತಿಯನ್ನು ಕಾಯಬೇಕೆಂಬ ಚಿಂತೆಯೂ ಬಹುಮಂದಿಗೆ ಹುಟ್ಟುವುದಿಲ್ಲ. ಇಂತಹ ಆಸ್ತಿಯನ್ನು ಕಳೆದುಕೊಂಡು, ಮತ್ತೆ ಭಾಗಶಃ ಗಳಿಸಿಕೊಂಡ ಊರೊಂದು ಫ್ರಾನ್ಸಿನಲ್ಲಿದೆ. ಅದು ಬಿಳಿ ವೈನಿನ ಊರು, ಹೆಸರು ಶಾಬ್ಲಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ವರ್ತಕರಲ್ಲಿ ವೈನ್ ಮುಟ್ಟದವರು ಬಹಳ ಮಂದಿ ಇದ್ದಾರೆ. ಅವರೂ ಈ ಊರಿನ ಪರಿಚಯ ಮಾಡಿಕೊಳ್ಳಬಹುದು. ಕುಡಿಯಲೇಬೇಕೆಂಬ ನಿಯಮವೇನೂ ಇಲ್ಲ.

ಶಾಬ್ಲಿ ಪ್ಯಾರಿಸ್ಸಿನಿಂದ ಆಗ್ನೇಯಕ್ಕೆ ಸುಮಾರು 180 ಕಿ.ಮೀ. ದೂರದಲ್ಲಿ, ಬರ್ಗಂಡಿ ಪ್ರಾಂತದ ಉತ್ತರದ ಅಂಚಿನಲ್ಲಿ, ಸೆರೆನ್ ಎಂಬ ಚಿಕ್ಕ ಹೊಳೆಯ ದಂಡೆಯಲ್ಲಿರುವ ಪಟ್ಟಣ. ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಗಂಗೊಳ್ಳಿಯ ಮುಂದೆ ಅದು ಒಂದು ಕೇರಿಯಷ್ಟೆ. 1114ರಲ್ಲಿ ಸ್ಥಾಪನೆಯಾದ ಹತ್ತಿರದ ಪಾಂತಿನಿ ಮಠದ ಸಿಸ್ಟರ್ಸಿಯನ್ ಸಂನ್ಯಾಸಿಗಳು ಇಲ್ಲಿನ ದ್ರಾಕ್ಷಿ ಬೇಸಾಯಕ್ಕೆ ಶಿಸ್ತು ತಂದವರೆಂದು ಹೆಸರಾಗಿದ್ದಾರೆ. ಇಲ್ಲಿ ಶಾಬ್ಲಿ ಎಂಬ ಹೆಸರಿನ ವೈನಿಗೆ ಬಳಸಬಹುದಾದ ದ್ರಾಕ್ಷಿ ಒಂದೇ ಜಾತಿಯದು, ಶಾರ್ದೊನೆ. ಅದೇ ದ್ರಾಕ್ಷಿ ಇಂದು ಆಸ್ಟ್ರೇಲಿಯ, ಕ್ಯಾಲಿಫೋರ್ನಿಯ, ಚಿಲಿ ಮೊದಲಾದ ಕಡೆಗಳಲ್ಲಿಯೂ ಬೆಳೆಯುತ್ತದೆ. ಗಿಡ ಒಂದೇ ಆದರೂ ವೈನ್ ಒಂದೇ ಅಲ್ಲ ಎಂಬುದು ಶಾಬ್ಲಿಯವರ ವಾದ. ಆ ವಾದದ ಮೇಲೆಯೇ ಅವರ ವ್ಯಾಪಾರವೆಲ್ಲ ನಿಂತಿದೆ.

ವಾದಕ್ಕೆ ಆಧಾರ ಮಣ್ಣು ಮತ್ತು ಹವೆ. ಸುಮಾರು 15 ಕೋಟಿ ವರ್ಷಗಳ ಹಿಂದೆ ಆ ಪ್ರದೇಶ ಸಮುದ್ರವಾಗಿತ್ತು. ಅಂದು ತಳದಲ್ಲಿ ಕೂತ ಸುಣ್ಣ ಬೆರೆತ ಜೇಡಿಯನ್ನು ಭೂವಿಜ್ಞಾನಿಗಳು ಕಿಮೆರಿಜಿಯನ್ ಎನ್ನುತ್ತಾರೆ. ಅದನ್ನು ಕೈಯಲ್ಲಿ ಹಿಡಿದರೆ ಅಲ್ಪವಿರಾಮದ ಆಕಾರದ ಸಣ್ಣ ಸಣ್ಣ ಚಿಪ್ಪಿನ ಪಳೆಯುಳಿಕೆಗಳು ಕಾಣುತ್ತವೆ. ಪಂಚಗಂಗಾವಳಿಯ ಅಳಿವೆಯಲ್ಲಿ ಚಿಪ್ಪಿ ಹೆಕ್ಕುವುದನ್ನೂ ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನೂ ಕಂಡವರಿಗೆ ಈ ಮಣ್ಣು ಅಪರಿಚಿತವೆನಿಸದು. ಚಿಪ್ಪಿನ ರುಚಿ ಬೇರಿನ ಮೂಲಕ ನೇರವಾಗಿ ವೈನಿಗೆ ಇಳಿಯುತ್ತದೆ ಎಂಬ ಮಾತನ್ನು ವಿಜ್ಞಾನ ಒಪ್ಪುವುದಿಲ್ಲ. ಆದರೆ ನೀರು ಬಸಿಯುವ ಇಳಿಜಾರು ಮತ್ತು ದ್ರಾಕ್ಷಿ ಮಾಗಲು ಕಷ್ಟಪಡಬೇಕಾದಷ್ಟು ತಂಪು ಸೇರಿದುದರಿಂದ ಅಲ್ಲಿನ ವೈನಿನಲ್ಲಿ ಸಿಹಿ ಇರುವುದಿಲ್ಲ, ಹುಳಿ ಮುಂದಾಗಿರುತ್ತದೆ. ಕಲ್ಲಿಗೆ ಕಲ್ಲು ಉಜ್ಜಿದಾಗ ಬರುವಂತಹ ಒಂದು ವಾಸನೆಯಿದೆ ಎಂದು ಬಲ್ಲವರು ವರ್ಣಿಸುತ್ತಾರೆ. ಫ್ರೆಂಚರು ಅದನ್ನು ಸಿಂಪಿಯ ಜೊತೆಗೆ ಬಡಿಸುತ್ತಾರೆ.

ಈ ವೈನಿನಲ್ಲಿ ನಾಲ್ಕು ದರ್ಜೆಗಳಿವೆ. ತಳದಲ್ಲಿ ಪೆತಿ ಶಾಬ್ಲಿ, ಅದರ ಮೇಲೆ ಶಾಬ್ಲಿ, ಅನಂತರ ಪ್ರೆಮಿಯೆ ಕ್ರು, ತುದಿಯಲ್ಲಿ ಗ್ರಾಂ ಕ್ರು. ತುದಿಯ ದರ್ಜೆಗೆ ಸೇರಿದ ಭೂಮಿ ಹೊಳೆಯ ಬಲದಂಡೆಯಲ್ಲಿರುವ, ನೈಋತ್ಯಕ್ಕೆ ಮುಖಮಾಡಿದ ಒಂದೇ ಗುಡ್ಡದ ಇಳಿಜಾರು. ವಿಸ್ತೀರ್ಣ ಸುಮಾರು 100 ಹೆಕ್ಟೇರು. ಆ ಗುಡ್ಡದ ಏಳು ತುಂಡುಗಳಿಗೆ ಏಳು ಹೆಸರು, ಲೇ ಕ್ಲೊ, ವಾಲ್ಮೂರ್, ಗ್ರೆನೂಯ್ ಇತ್ಯಾದಿ. ಕರಾವಳಿಯಲ್ಲಿ ಬೈಲು, ಮಜಲು, ಬೆಟ್ಟು ಎಂದು ಗದ್ದೆಗೆ ದರ್ಜೆ ಹೇಳುವ ಪದ್ಧತಿಯಿದೆಯಷ್ಟೆ. ಅಲ್ಲಿ ಆ ದರ್ಜೆ ಮಾರಾಟದ ಚೀಟಿಯವರೆಗೂ ಬಂದಿದೆ, ಅದಕ್ಕೆ ತಕ್ಕಂತೆ ಬೆಲೆಯೂ ಬಂದಿದೆ. ಇಲ್ಲಿ ಅದು ಕಂದಾಯದ ಕಡತದಲ್ಲಿಯೇ ಉಳಿದಿದೆ.

ಶಾಬ್ಲಿ ಸದಾ ಹೀಗೆ ಸುಖವಾಗಿದ್ದ ಊರಲ್ಲ. 19ನೆಯ ಶತಮಾನದಲ್ಲಿ ಅದು ಸೇರಿರುವ ಯೊನ್ ಜಿಲ್ಲೆಯಲ್ಲಿ 40,000 ಹೆಕ್ಟೇರುಗಳ ಸಮೀಪ ದ್ರಾಕ್ಷಿ ತೋಟಗಳಿದ್ದವು. ಪ್ಯಾರಿಸ್ ಹತ್ತಿರದ ಮಾರುಕಟ್ಟೆ, ಹೊಳೆಯ ದಾರಿಯಲ್ಲಿ ಸರಕು ಸಾಗುತ್ತಿತ್ತು. ಬಳಿಕ ರೈಲು ಬಂದಿತು. ರೈಲಿನಿಂದ ಊರಿಗೆ ಲಾಭವಾಗುವುದೆಂದು ಎಲ್ಲರೂ ತಿಳಿಯುತ್ತಾರೆ. ಇಲ್ಲಿ ಅದು ದಕ್ಷಿಣ ಫ್ರಾನ್ಸಿನ ಅಗ್ಗದ ವೈನನ್ನು ಪ್ಯಾರಿಸ್ಸಿಗೆ ತಂದು ಸುರಿಯಿತು. ಶತಮಾನದ ಕೊನೆಯಲ್ಲಿ ಫಿಲಾಕ್ಸೆರ ಎಂಬ ಬೇರುಕೀಟ ತೋಟಗಳನ್ನು ನೆಲಸಮ ಮಾಡಿತು. ಅದರ ಮೇಲೆ ಎರಡು ಮಹಾಯುದ್ಧಗಳು, ವಸಂತದಲ್ಲಿ ಚಿಗುರನ್ನು ಸುಡುವ ಹಿಮ. 1950ರ ದಶಕದ ಹೊತ್ತಿಗೆ ಶಾಬ್ಲಿಯಲ್ಲಿ ಉಳಿದ ತೋಟ 500 ಹೆಕ್ಟೇರುಗಳ ಆಸುಪಾಸು. ಇಂದು ಅದು 5,500 ಹೆಕ್ಟೇರುಗಳನ್ನು ಮೀರಿದೆ.

ಈ ಚೇತರಿಕೆಯ ಹಿಂದೆ ಮೂರು ಕೆಲಸಗಳು ಕಾಣುತ್ತವೆ. 1923ರಲ್ಲಿ ಪಾದ್ರಿಯೊಬ್ಬರ ಮುಂದಾಳ್ತನದಲ್ಲಿ ಬೆಳೆಗಾರರು ಲಾ ಶಾಬ್ಲಿಸಿಯೆನ್ ಎಂಬ ಸಹಕಾರಿ ಸಂಘವನ್ನು ಕಟ್ಟಿದರು. ಈಗಲೂ ಶಾಬ್ಲಿಯ ಉತ್ಪಾದನೆಯಲ್ಲಿ ಸುಮಾರು ಕಾಲು ಭಾಗ ಅದರದು. 1935ರ ಫ್ರೆಂಚ್ ಕಾನೂನಿನ ಅಡಿಯಲ್ಲಿ 1938ರಲ್ಲಿ ಶಾಬ್ಲಿ ಎಂಬ ಹೆಸರಿಗೆ ಗಡಿ, ದ್ರಾಕ್ಷಿಯ ಜಾತಿ, ಹೆಕ್ಟೇರಿಗೆ ಮಿತ ಇಳುವರಿ ಎಲ್ಲವೂ ನಿಗದಿಯಾದವು. ಮೂರನೆಯದಾಗಿ, ಹಿಮದಿಂದ ಚಿಗುರನ್ನು ಉಳಿಸಲು ತೋಟಗಳಲ್ಲಿ ಒಲೆ ಉರಿಸುವ, ಇಡೀ ರಾತ್ರಿ ನೀರು ಚಿಮುಕಿಸುವ ವಿಧಾನಗಳನ್ನು ಅಳವಡಿಸಿಕೊಂಡರು. ಇವು ದುಬಾರಿ ವಿಧಾನಗಳು. ಸೀಸೆಗೆ ಒಳ್ಳೆಯ ಬೆಲೆ ಬರುತ್ತದೆಂಬ ಭರವಸೆಯಿಲ್ಲದೆ ಯಾರೂ ಆ ಖರ್ಚಿಗೆ ಕೈಹಾಕುವುದಿಲ್ಲ. ಅಷ್ಟಾದರೂ 2016 ಮತ್ತು 2021ರ ಹಿಮ ದೊಡ್ಡ ನಷ್ಟವನ್ನೇ ಮಾಡಿತು.

ಊರಿನೊಳಗೆ ಇಷ್ಟೆಲ್ಲ ಕಟ್ಟುನಿಟ್ಟು ನಡೆದಿರುವಾಗ ಹೊರಗೆ ನಡೆದುದೇನು? ಅಮೆರಿಕದಲ್ಲಿ ಶಾಬ್ಲಿ ಎಂಬುದು ಅಗ್ಗದ ಬಿಳಿ ವೈನಿನ ಸಾಮಾನ್ಯ ಹೆಸರಾಗಿಬಿಟ್ಟಿತು. ಯಾವ ದ್ರಾಕ್ಷಿಯಾದರೂ ಸರಿ, ದೊಡ್ಡ ಹೂಜಿಗಳಲ್ಲಿ ತುಂಬಿ ‘ಕ್ಯಾಲಿಫೋರ್ನಿಯ ಶಾಬ್ಲಿ’ ಎಂದು ಮಾರಿದರು. ಗುಲಾಬಿ ಬಣ್ಣದ ಶಾಬ್ಲಿಯೂ ಬಂದಿತು. ಅಮೆರಿಕದ ಕಾನೂನು ಇದನ್ನು ‘ಅರೆ ಸಾಮಾನ್ಯ ಹೆಸರು’ ಎಂದು ಕರೆದು ಅನುಮತಿಸಿತ್ತು. 2006ರ ಅಮೆರಿಕ-ಐರೋಪ್ಯ ಒಪ್ಪಂದ ಹೊಸಬರಿಗೆ ಬಾಗಿಲು ಮುಚ್ಚಿತೇ ಹೊರತು ಹಿಂದಿನಿಂದ ಬಳಸುತ್ತಿದ್ದವರಿಗೆ ಮುಂದುವರಿಯಲು ಬಿಟ್ಟಿತು. ಆಸ್ಟ್ರೇಲಿಯ 1994ರಲ್ಲಿಯೇ ಐರೋಪ್ಯರೊಡನೆ ಒಪ್ಪಂದ ಮಾಡಿಕೊಂಡಿದ್ದರೂ ಇಂತಹ ಹೆಸರುಗಳನ್ನು ಪೂರ್ತಿಯಾಗಿ ಕೈಬಿಡಲು ಮತ್ತೆ ಒಂದೂವರೆ ದಶಕ ಹಿಡಿಯಿತು. ಒಮ್ಮೆ ಜಾತಿವಾಚಕವಾದ ಹೆಸರನ್ನು ಹಿಂದಕ್ಕೆ ತರುವುದು ಮುಳುಗಿದ ಸಾಲವನ್ನು ವಸೂಲು ಮಾಡುವುದಕ್ಕಿಂತ ಕಷ್ಟ.

ಕರಾವಳಿಯವರಿಗೆ ಇದು ದೂರದ ಸಂಗತಿಯಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ‘ಮಂಗಳೂರು ಹೆಂಚು’ ಎಂಬುದು ಕ್ರಮೇಣ ಊರಿನ ಗುರುತಾಗಿ ಉಳಿಯದೆ ಒಂದು ಬಗೆಯ ಹೆಂಚಿನ ಹೆಸರಾಯಿತು. ಕೇರಳದಲ್ಲಿ ಸುಟ್ಟದ್ದೂ ಮಂಗಳೂರು ಹೆಂಚೇ, ಕುಂದಾಪುರದ ಕಾರ್ಖಾನೆಗಳಲ್ಲಿ ಸುಟ್ಟದ್ದೂ ಮಂಗಳೂರು ಹೆಂಚೇ. ಅಂದರೆ ಈ ವ್ಯವಹಾರದಲ್ಲಿ ಕುಂದಾಪುರದವರು ಕ್ಯಾಲಿಫೋರ್ನಿಯದವರ ಜಾಗದಲ್ಲಿದ್ದರು ಎನ್ನಬೇಕು. ‘ಉಡುಪಿ ಹೋಟೆಲ್’ ಎಂಬ ಹೆಸರಿನ ಗತಿಯಲ್ಲಿ ಅದೇ ಜನ ಕಳೆದುಕೊಂಡವರ ಜಾಗದಲ್ಲಿದ್ದಾರೆ. ಈ ಮೂರು ತಾಲ್ಲೂಕುಗಳಿಂದ ಮುಂಬಯಿ, ಮದ್ರಾಸು, ಬೆಂಗಳೂರುಗಳಿಗೆ ಹೋಗಿ ತಟ್ಟೆ ತೊಳೆದು, ಗಲ್ಲಾಪೆಟ್ಟಿಗೆಯವರೆಗೆ ಏರಿದವರ ಶ್ರಮದಿಂದ ಆ ಹೆಸರಿಗೆ ಮರ್ಯಾದೆ ಬಂದಿತು. ಇಂದು ಯಾವ ಊರಿನ ಯಾರಾದರೂ ಆ ಫಲಕವನ್ನು ತೂಗುಹಾಕಬಹುದು, ಹಾಕಿದ್ದಾರೆ. ಹೋಟೆಲು ಸೇವೆಯಾದುದರಿಂದ ಸರಕುಗಳಿಗಾಗಿ ಇರುವ ಭೌಗೋಳಿಕ ಸೂಚಕದ ಕಾಯಿದೆ ಅಲ್ಲಿ ನೆರವಿಗೆ ಬರುವುದೂ ಇಲ್ಲ.

ಇದಕ್ಕೆ ಪ್ರತಿಯಾಗಿ ಬ್ರಹ್ಮಾವರ ತಾಲ್ಲೂಕಿನ ಪಾರಂಪಳ್ಳಿಯ ಮಯ್ಯ ಸಹೋದರರ ಉದಾಹರಣೆಯಿದೆ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅವರ ಉಪಾಹಾರ ಗೃಹ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಅದರಿಂದ ಬೆಳೆದ ಎಂ.ಟಿ.ಆರ್. ಫುಡ್ಸ್ ಸಂಸ್ಥೆಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಮನೆತನದ ಹೆಸರಾಗಲಿ ಅಂಗಡಿಯ ಹೆಸರಾಗಲಿ ಟ್ರೇಡ್‌ಮಾರ್ಕ್ ಆಗಿದ್ದರೆ ಅದನ್ನು ಮಾರಬಹುದು, ಒತ್ತೆಯಿಡಬಹುದು, ಬಾಡಿಗೆಗೂ ಕೊಡಬಹುದು. ಊರಿನ ಹೆಸರು ಹಾಗಲ್ಲ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ 24ನೆಯ ಕಲಮು ಅದನ್ನು ವರ್ಗಾಯಿಸುವಂತಿಲ್ಲ, ಅಡವಿಡುವಂತಿಲ್ಲ, ಪರವಾನಗಿ ಕೊಡುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಬ್ಯಾಂಕಿಗೆ ಬೇಡವಾದ ಆಸ್ತಿ ಅದು. ಬಹುಶಃ ಇದೇ ಕಾರಣದಿಂದ ಅದಕ್ಕಾಗಿ ಓಡಾಡುವವರೂ ಕಡಿಮೆ.

2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಈ ಕಾಯಿದೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ ಫಲ. ಆ ಒಪ್ಪಂದದಲ್ಲಿ ಒಂದು ತಾರತಮ್ಯವಿರುವುದನ್ನು ವರ್ತಕರು ಗಮನಿಸಬೇಕು. 22ನೆಯ ವಿಧಿಯ ಪ್ರಕಾರ ಸಾಮಾನ್ಯ ಸರಕಿನ ಊರಿನ ಹೆಸರನ್ನು ಬೇರೆಯವರು ಬಳಸಿದರೆ, ಗಿರಾಕಿಗೆ ಮೋಸವಾಗಿದೆ ಅಥವಾ ಅನುಚಿತ ಪೈಪೋಟಿ ನಡೆದಿದೆ ಎಂದು ತೋರಿಸಬೇಕು. ವೈನು ಮತ್ತು ಮದ್ಯಗಳಿಗೆ ಮಾತ್ರ 23ನೆಯ ವಿಧಿ ಹೆಚ್ಚಿನ ರಕ್ಷಣೆ ಕೊಟ್ಟಿದೆ. ನಿಜವಾದ ಊರನ್ನು ಪಕ್ಕದಲ್ಲಿ ಬರೆದು ‘ಶಾಬ್ಲಿ ಮಾದರಿ’ ಎಂದರೂ ತಪ್ಪೇ. ವೈನಿಗೊಂದು ನ್ಯಾಯ, ಅಕ್ಕಿ ಬದನೆಗಳಿಗೊಂದು ನ್ಯಾಯ ಏಕೆಂದು ಭಾರತ 2001ರ ದೋಹಾ ಮಾತುಕತೆಯ ಕಾಲದಿಂದ ಕೇಳುತ್ತ ಬಂದಿದೆ. ನ್ಯಾಯವಾದ ಪ್ರಶ್ನೆ. ಆದರೆ ದೊಡ್ಡ ರಕ್ಷಣೆ ಸಿಗಲಿಲ್ಲವೆಂದು ಸಿಕ್ಕಿರುವ ಸಣ್ಣ ರಕ್ಷಣೆಯನ್ನೂ ಬಳಸದಿರುವುದು ಜಾಣತನವಲ್ಲ. ಶಾಂಪೇನ್, ಕೋನ್ಯಾಕ್, ಸ್ಕಾಚ್ ವಿಸ್ಕಿಯವರು ಚೆನ್ನೈನ ನೋಂದಣಿ ಕಚೇರಿಗೆ ಬಂದು ತಮ್ಮ ಹೆಸರುಗಳನ್ನು ಭಾರತದಲ್ಲಿಯೂ ದಾಖಲಿಸಿ ಹೋಗಿದ್ದಾರೆ.

ವೈನಿನ ವಿಷಯದಲ್ಲಿ ಕರ್ನಾಟಕವೂ ಹಿಂದೆ ಉಳಿದಿಲ್ಲ. 1988ರಲ್ಲಿ ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ಫ್ರೆಂಚ್ ತಜ್ಞರ ಸಲಹೆಯಿಂದ ಫ್ರೆಂಚ್ ದ್ರಾಕ್ಷಿಗಳ ತೋಟ ಹಾಕಿದರು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿ ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳಿಗೆ ಮಾನ್ಯತೆ ನೀಡಿತು, ವೈನ್ ಮಂಡಳಿಯನ್ನೂ ರಚಿಸಿತು. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕ ದೊರೆತಿದೆ. ನೆರೆಯ ಮಹಾರಾಷ್ಟ್ರದಲ್ಲಿ ‘ನಾಸಿಕ್ ವ್ಯಾಲಿ ವೈನ್’ ನೋಂದಣಿಯಾಗಿದೆ. ಆದರೆ ನೀತಿಯ ಕಡತದಲ್ಲಿ ಹೆಸರು ಬರುವುದು ಬೇರೆ, ಲೇಬಲಿನ ಮೇಲಿನ ಆ ಹೆಸರಿಗಾಗಿ ಗಿರಾಕಿ ಹತ್ತು ರೂಪಾಯಿ ಹೆಚ್ಚು ಕೊಡುವುದು ಬೇರೆ. ಎರಡನೆಯದಕ್ಕೆ ಬೆಳೆಗಾರರ ಸಂಘವೇ ಬೇಕು. ಸರ್ಕಾರ ಅದನ್ನು ಮಾಡಿಕೊಡಲಾರದು.

ಸಂಘ ಏನು ಮಾಡಬಲ್ಲದೆಂಬುದಕ್ಕೆ ಉಡುಪಿ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 2011ರಲ್ಲಿ ನೋಂದಣಿಯಾದ ಮಟ್ಟುಗುಳ್ಳಕ್ಕೆ ಅದರ ಬೆಳೆಗಾರರ ಸಂಘ ಒಂದೊಂದು ಕಾಯಿಗೂ ಸ್ಟಿಕ್ಕರು ಅಂಟಿಸುವ ವ್ಯವಸ್ಥೆ ಮಾಡಿತು. ದುಂಡನೆಯ ಹಸಿರು ಬದನೆಯೆಲ್ಲ ಮಟ್ಟುಗುಳ್ಳವೆಂದು ಸಂತೆಯಲ್ಲಿ ಸಾಗಿಹೋಗುತ್ತಿದ್ದುದಕ್ಕೆ ಇದು ಉತ್ತರ. ಸೋದೆ ಮಠದ ವಾದಿರಾಜರ ಐತಿಹ್ಯ ಎಷ್ಟೇ ಭಕ್ತಿಯ ವಿಷಯವಾಗಿದ್ದರೂ ತೂಕಕ್ಕೆ ಇಟ್ಟಾಗ ಗಿರಾಕಿಗೆ ಬೇಕಾದುದು ಗುರುತು. ನೋಂದಣಿಯಾದ ಉಡುಪಿ ಮಲ್ಲಿಗೆಯ ವ್ಯಾಪಾರದಲ್ಲಿಯೂ ಒಂದು ಶಿಸ್ತಿದೆ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ದಿನದಿನವೂ ಶಂಕರಪುರದ ದರ. ಅಳತೆ ಖಚಿತವಾಗಿರುವುದರಿಂದಲೇ ಬೆಲೆಯ ಮಾತು ಖಚಿತವಾಗಿ ನಡೆಯುತ್ತದೆ.

ಹಾಗಾದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹೆಸರಿನಲ್ಲಿ ಕಾಯುವಂತಹುದು ಏನಿದೆ? ಮೊದಲು ಎಲ್ಲರ ಬಾಯಿಗೂ ಬರುವುದು ಕುಂದಾಪುರದ ಮಸಾಲೆ ಪುಡಿ. ಬೆಂಗಳೂರಿನ ಹೋಟೆಲುಗಳ ಪಟ್ಟಿಯಲ್ಲಿ ‘ಕುಂದಾಪುರ ಕೋಳಿ’ ಇಂದು ಉಡುಪಿ ಹೋಟೆಲಿನ ದಾರಿಯನ್ನೇ ಹಿಡಿದಿದೆ. ಧಾರವಾಡ ಪೇಡಕ್ಕೆ ಸೂಚಕ ಸಿಕ್ಕಿರುವಾಗ ಮಸಾಲೆಗೆ ಸಿಗಬಾರದೆಂದೇನೂ ಇಲ್ಲ. ತೊಡಕೆಂದರೆ ಆ ಪುಡಿಯ ಬಣ್ಣಕ್ಕೆ ಕಾರಣವಾದ ಬ್ಯಾಡಗಿ ಮೆಣಸಿನಕಾಯಿ ತಾನೇ ಪ್ರತ್ಯೇಕ ಸೂಚಕ ಪಡೆದ ಸರಕು, ಮತ್ತು ಮನೆಮನೆಗೆ ಅಳತೆ ಬೇರೆ. ಗೇರುಬೀಜದ ಕಾರ್ಖಾನೆಗಳು ಈ ಭಾಗದಲ್ಲಿ ಬಹಳಷ್ಟಿವೆ, ಕಚ್ಚಾಬೀಜ ಬಹುಪಾಲು ಆಫ್ರಿಕದಿಂದ ಬರುತ್ತದೆ. ತಯಾರಿಸಿದ ಸರಕಾದರೆ ಉತ್ಪಾದನೆ, ಸಂಸ್ಕರಣೆ, ತಯಾರಿ ಇವುಗಳಲ್ಲಿ ಒಂದು ಆ ಪ್ರದೇಶದಲ್ಲಿ ನಡೆದರೆ ಸಾಕೆಂದು ಕಾಯಿದೆ ಹೇಳುತ್ತದೆ ನಿಜ. ಘಟ್ಟದ ಮೇಲಿನ ಕಾಫಿ ಬೀಜ ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಉಬ್ಬಿ ‘ಮಾನ್ಸೂನ್ಡ್ ಮಲಬಾರ್’ ಆಗಿ ಸೂಚಕ ಪಡೆದಿದೆ. ಆದರೆ ಅಲ್ಲಿ ಗಾಳಿ ಮಾಡುವ ಕೆಲಸವನ್ನು ಇಲ್ಲಿ ಯಂತ್ರ ಮಾಡುತ್ತದೆ. ಅದೇ ಯಂತ್ರ ಎಲ್ಲಿ ಇಟ್ಟರೂ ಅದೇ ಕೆಲಸ ಮಾಡುತ್ತದೆ. ಗೇರುಬೀಜದವರು ಈ ಆಸೆ ಬಿಡುವುದೇ ಲೇಸು.

ಉಳಿಯುವುದು ಕೆಂಪು ಕುಚ್ಚಲಕ್ಕಿ. 16ನೆಯ ಶತಮಾನದ ಆರಂಭದಲ್ಲಿ ಈ ಕರಾವಳಿಯ ವರದಿ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸ ಬಾರಕೂರು ಮತ್ತು ಬಸರೂರು ಬಂದರುಗಳಿಂದ ಒಳ್ಳೆಯ ಅಕ್ಕಿ ಹೇರಳವಾಗಿ ಹೊರದೇಶಗಳಿಗೆ ಸಾಗುತ್ತಿದ್ದುದನ್ನು ದಾಖಲಿಸಿದ್ದಾನೆ. ಬಾರಕೂರು ಇಂದಿನ ಬ್ರಹ್ಮಾವರ ತಾಲ್ಲೂಕಿನಲ್ಲಿದೆ, ಬಸರೂರು ಕುಂದಾಪುರದಲ್ಲಿ. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಕೊಳ್ಳೆಹೊಡೆದುದು ಅಲ್ಲಿನ ಪೇಟೆಯ ಸಿರಿಗೆ ಇನ್ನೊಂದು ಸಾಕ್ಷಿ. ಸೂಚಕದ ಅರ್ಜಿಯಲ್ಲಿ ಮೂಲದ ಐತಿಹಾಸಿಕ ಪುರಾವೆ ಕೇಳುತ್ತಾರೆ. ಹಲವು ಅರ್ಜಿದಾರರು ಅಜ್ಜಿಕಥೆಗಳನ್ನು ಲಗತ್ತಿಸಿ ಆಕ್ಷೇಪಣೆ ಎದುರಿಸುತ್ತಾರೆ. ಇಷ್ಟು ಹಳೆಯ, ಇಷ್ಟು ನೇರವಾದ ದಾಖಲೆ ಕೆಲವೇ ಸರಕುಗಳಿಗೆ ಇರಬಲ್ಲದು. ಬ್ರಹ್ಮಾವರದಲ್ಲಿಯೇ ಕೃಷಿ ಸಂಶೋಧನಾ ಕೇಂದ್ರವೂ ಇರುವುದರಿಂದ ಗುಣಲಕ್ಷಣದ ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. 2021ರಲ್ಲಿ ಉಡುಪಿಯ ಹಡಿಲು ಗದ್ದೆಗಳನ್ನು ಬೇಸಾಯಕ್ಕೆ ತಂದು ಆ ಅಕ್ಕಿಯನ್ನು ‘ಕೇದಾರ ಕಜೆ’ ಎಂಬ ಹೆಸರಿನಲ್ಲಿ ಮಾರಿದ ಪ್ರಯತ್ನ, ಇಂತಹ ಅಕ್ಕಿಗೆ ಗಿರಾಕಿಗಳಿದ್ದಾರೆ ಎಂಬುದನ್ನು ತೋರಿಸಿತು.

ಕಷ್ಟಗಳು ಇಲ್ಲವೆಂದಲ್ಲ. ಇಂದು ಗದ್ದೆಗಳಲ್ಲಿ ಹೆಚ್ಚಾಗಿ ಕಾಣುವ ಎಂ.ಒ. 4 ತಳಿ ಕೇರಳದ ಮಂಕೊಂಬಿನಿಂದ ಬಂದುದು. ಅದನ್ನೇ ಬಸರೂರಿನ ಪರಂಪರೆಯೆಂದು ಹೇಳಿದರೆ ಅರ್ಜಿ ನಿಲ್ಲದು. ಕಜೆ, ಕಯಮೆಯಂತಹ ಹಳೆಯ ತಳಿಗಳನ್ನು ಮಾತ್ರ ಸೇರಿಸಿದರೆ ಅರ್ಜಿ ಗಟ್ಟಿ, ಆದರೆ ಸರಕು ಕಡಿಮೆ. ಶಾಬ್ಲಿಯಲ್ಲಿಯೂ ಇದೇ ಜಗಳ ನಡೆದಿತ್ತು. 1970ರ ದಶಕದಲ್ಲಿ ಕಿಮೆರಿಜಿಯನ್ ಮಣ್ಣಿಗಷ್ಟೇ ಹೆಸರನ್ನು ಸೀಮಿತಗೊಳಿಸಬೇಕೆಂದು ವಿಲಿಯಂ ಫೆವ್ರ್ ಅವರ ಪಕ್ಷ, ಪಕ್ಕದ ಮಣ್ಣೂ ಸೇರಲೆಂದು ಜಾಂ ದ್ಯುರುಪ್ ಅವರ ಪಕ್ಷ. ಕೊನೆಗೆ ವಿಸ್ತರಣೆಯ ಪಕ್ಷವೇ ಗೆದ್ದಿತು. ಹೆಸರು ಉಳಿದಿದೆ, ತೋಟಗಳು ಹೆಚ್ಚಿವೆ. ತಳದ ಎರಡು ದರ್ಜೆಗಳ ಗುಣ ತೆಳುವಾಯಿತೆಂಬ ದೂರೂ ನಿಂತಿಲ್ಲ. ಇಲ್ಲಿಯ ಮಟ್ಟಿಗೆ ಗಡಿಯನ್ನು ಕಿರಿದಾಗಿ ಎಳೆದು ಆರಂಭಿಸುವುದೇ ಉಚಿತ. ಕಿರಿದಾದ ಗಡಿಯನ್ನು ಮುಂದೆ ಹಿಗ್ಗಿಸಬಹುದು, ಹಿಗ್ಗಿದುದನ್ನು ಕುಗ್ಗಿಸಲು ಯಾರೂ ಬಿಡುವುದಿಲ್ಲ.

ಎರಡನೆಯ ಕಷ್ಟ ಅಕ್ಕಿ ಗಿರಣಿಗಳದು, ಮತ್ತು ಮಾತು ಕೆಲವರಿಗೆ ಕಹಿಯಾಗಬಹುದು. ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಬರುವ ಭತ್ತವನ್ನೂ ಊರಿನ ಭತ್ತವನ್ನೂ ಒಂದೇ ಹಂಡೆಯಲ್ಲಿ ಬೇಯಿಸಿ ಒಂದೇ ಚೀಲಕ್ಕೆ ತುಂಬುವ ಗಿರಣಿ ಸೂಚಕದ ಹೆಸರನ್ನು ಹಾಕುವಂತಿಲ್ಲ. ಹಾಗೆ ಹಾಕಿದರೆ ಕಾಯಿದೆಯ 39ನೆಯ ಕಲಮಿನಂತೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸಜೆ ಮತ್ತು 50,000 ರೂಪಾಯಿಗೆ ಕಡಿಮೆಯಿಲ್ಲದ ದಂಡಕ್ಕೆ ಅವಕಾಶವಿದೆ. ಖರೀದಿ, ಬೇಯಿಸಿದ ದಿನ, ಅಕ್ಕಿಯ ಇಳುವರಿ, ಚೀಲಗಳ ಸಂಖ್ಯೆ ಇವುಗಳಿಗೆ ಪ್ರತ್ಯೇಕ ದಾಸ್ತಾನು ಪುಸ್ತಕ ಇಡಲೇಬೇಕು. ಶಾಬ್ಲಿಯ ಬೆಳೆಗಾರ ಪ್ರತಿವರ್ಷ ಯಾವ ತುಂಡಿನಿಂದ ಎಷ್ಟು ಕೊಯ್ದೆ ಎಂಬ ಘೋಷಣೆ ಸಲ್ಲಿಸುತ್ತಾನೆ. ತನ್ನ ಗುಡ್ಡಕ್ಕೆ ಮೀರಿದ ವೈನ್ ಅವನ ನೆಲಮಾಳಿಗೆಯಲ್ಲಿ ಹುಟ್ಟುವಂತಿಲ್ಲ. ಜಿ.ಎಸ್.ಟಿ. ವಿವರಪಟ್ಟಿಯನ್ನೇ ಕೊನೆಯ ದಿನದ ರಾತ್ರಿ ತುಂಬುವ ಅಭ್ಯಾಸವಿರುವವರಿಗೆ ಇದು ಕಿರಿಕಿರಿಯ ಕೆಲಸ.

ಅರ್ಜಿ ಹಾಕುವ ಅಧಿಕಾರ ಒಬ್ಬ ವರ್ತಕನಿಗಿಲ್ಲ. ಉತ್ಪಾದಕರನ್ನು ಪ್ರತಿನಿಧಿಸುವ ಸಂಘ ಅಥವಾ ಪ್ರಾಧಿಕಾರ ಬೇಕು. ಮೂರು ತಾಲ್ಲೂಕುಗಳ ಬೆಳೆಗಾರರು, ಗಿರಣಿಯವರು, ಸಹಕಾರಿ ಸಂಘಗಳು ಸೇರಿ ಒಂದು ಸಂಘ ನೋಂದಾಯಿಸುವುದು ಮೊದಲ ಹೆಜ್ಜೆ. ವಾಣಿಜ್ಯ ಮಂಡಳಿ ಅಲ್ಲಿ ಕರೆಯುವವನ ಪಾತ್ರ ವಹಿಸಬಹುದು, ಆದರೆ ಮಾಲಿಕತ್ವ ಬೆಳೆಗಾರರಲ್ಲಿಯೇ ಇರಬೇಕು; ಇಲ್ಲವಾದರೆ ನೋಂದಣಿ ಪತ್ರ ಗೋಡೆಯಲ್ಲಿ ತೂಗುವುದಷ್ಟೆ. ನೋಂದಣಿಯ ಅವಧಿ ಹತ್ತು ವರ್ಷ, ಆಮೇಲೆ ನವೀಕರಣ. ದೇಶದಲ್ಲಿ ಸೂಚಕ ಪಡೆದ ಹಲವು ಸರಕುಗಳ ವಿಷಯದಲ್ಲಿ ಆಗಿರುವ ಲೋಪವೆಂದರೆ, ಸಂಘದ ಹೆಸರು ನೋಂದಣಿ ಪುಸ್ತಕದ ಭಾಗ ‘ಎ’ಯಲ್ಲಿ ಬಂದರೂ, ಅಧಿಕೃತ ಬಳಕೆದಾರರ ಭಾಗ ‘ಬಿ’ಯಲ್ಲಿ ಬೆಳೆಗಾರರ, ತಯಾರಕರ ಹೆಸರು ಬೆರಳೆಣಿಕೆಯಷ್ಟೇ ಇರುವುದು. ಹಾಗೆ ಹೆಸರು ಬರೆಸುವ ಶುಲ್ಕ ಮೊದಲು 500 ರೂಪಾಯಿ ಇದ್ದಿತು. 2020ರ ತಿದ್ದುಪಡಿಯಲ್ಲಿ ಅದನ್ನು 10 ರೂಪಾಯಿಗೆ ಇಳಿಸಲಾಗಿದೆ.